ಗಾಳಿಪರದೆಯ ತೂತು

ಒಂದು ಕಲ್ಲಿದ್ದಲು ಗಣಿ. ನಮ್ಮ ರಾಜ್ಯದ್ದಲ್ಲ, ಗಡಿಯಾಚೆಯದು. ಅಲ್ಲಿ ದುಡಿಯುವವರು ಮಾತ್ರ ನಮ್ಮವರೇ. ಬೀದರ, ಭಾಲ್ಕಿ, ಔರಾದ ಕಡೆಯಿಂದ ಅಜ್ಜಂದಿರ ಕಾಲಕ್ಕೇ ಹೋಗಿ ಅಲ್ಲೇ ನೆಲೆ ನಿಂತವರು. ಕಥೆ ಅವರದು. ಬುದ್ಧಿ ಬರಬೇಕಾದದ್ದು ನಮಗೆ. ಬರುತ್ತದೆ ಎಂಬ ನಂಬಿಕೆ ನನಗೇನೂ ಇಲ್ಲ, ಆದರೂ ಹೇಳುತ್ತೇನೆ.

ನೆಲದ ಕೆಳಗೆ ಕಲ್ಲಿದ್ದಲು ಕಡಿಯುತ್ತ ಕಡಿಯುತ್ತ ಸುರಂಗ ಮುಂದಕ್ಕೆ ಹೋಗುತ್ತದೆ. ಅದರ ತುದಿ ಮುಚ್ಚಿದ್ದು. ಅಲ್ಲಿ ಬಂಡೆಯೇ ಬಿಸಿ. ಕಲ್ಲಿದ್ದಲಿನಿಂದ ಗ್ಯಾಸು ಒಸರುತ್ತದೆ, ಕಡಿದಂತೆಲ್ಲ ದೂಳು ಏಳುತ್ತದೆ. ನೆಲದ ಮೇಲಿರುವ ದೊಡ್ಡ ಫ್ಯಾನು ಗಣಿಯೊಳಗೆ ಗಾಳಿ ಹರಿಸುತ್ತದೆ, ಸರಿ. ಆದರೆ ತುದಿಗೇ ಹೋಗಬೇಕೆಂಬ ಹಟ ಗಾಳಿಗೆ ಇರುತ್ತದೆಯೇ? ಹತ್ತಿರದ ದಾರಿ ಸಿಕ್ಕರೆ ಅಲ್ಲಿಂದಲೇ ತಿರುಗಿ ಹೊರಟುಹೋಗುತ್ತದೆ. ಅದಕ್ಕೇ ಸುರಂಗದ ಉದ್ದಕ್ಕೂ, ಮೇಲಿನಿಂದ ಕೆಳಗಿನವರೆಗೆ, ದಪ್ಪ ಬಟ್ಟೆಯ ಪರದೆ ಕಟ್ಟುತ್ತಾರೆ. ಪರದೆಯ ಒಂದು ಮಗ್ಗುಲಲ್ಲಿ ತಂಪು ಗಾಳಿ ಒಳಗೆ ಹೋಗಬೇಕು. ತುದಿ ಮುಟ್ಟಿ, ಅಲ್ಲಿನ ಸೆಕೆ, ದೂಳು, ಗ್ಯಾಸು ಎಲ್ಲವನ್ನೂ ಬಾಚಿಕೊಂಡು ಇನ್ನೊಂದು ಮಗ್ಗುಲಿಂದ ಹೊರಗೆ ಬರಬೇಕು. ಇಷ್ಟೇ. ಇದರಲ್ಲಿ ಅರ್ಥವಾಗದ್ದು ಏನಿದೆ? ಎಲ್ಲರಿಗೂ ಅರ್ಥವಾಗಿತ್ತು. ತಲೆನೋವು ಶುರುವಾಗುವುದೇ ಅಲ್ಲಿಂದ.

ಈ ಸುರಂಗದ ಉಸ್ತುವಾರಿ ಮಾಣಿಕಪ್ಪನದು. ಗಣಿಯಲ್ಲಿ ಇಂಥವರನ್ನು ಸರದಾರ ಎನ್ನುತ್ತಾರೆ. ಹೆಸರು ಕೇಳಿ ಕುದುರೆ ಕತ್ತಿ ನೆನೆಸಿಕೊಳ್ಳಬೇಡಿ. ಅವನ ಕೈಯಲ್ಲಿದ್ದದ್ದು ಒಂದು ದೀಪ. ಗಾಜು, ತಂತಿಬಲೆಗಳ ಒಳಗೆ ಉರಿಯುವ ಆ ದೀಪದ ಕುಡಿ ನೋಡಿಯೇ ಗಾಳಿ ಒಳ್ಳೆಯದೋ ಕೆಟ್ಟದ್ದೋ ಅವನು ಹೇಳಬೇಕು. ದಿನಾ ಕೆಲಸ ಶುರುವಾಗುವ ಮೊದಲು ದೀಪ ಹಿಡಿದು ತುದಿಯವರೆಗೆ ಹೋಗಿ ಬರುತ್ತಿದ್ದ. ಪರದೆ ಹರಿದಲ್ಲಿ ಹೊಲಿಸುತ್ತಿದ್ದ.

ಅವನ ಕೈಕೆಳಗಿನವರಲ್ಲಿ ಒಂದು ಪದ್ಧತಿ ಇತ್ತು. ಯಾರೂ ಬರೆದದ್ದಲ್ಲ, ಯಾರೂ ಹೇಳಿದ್ದಲ್ಲ. ಹೊಸಬರು ತುದಿಯಲ್ಲಿ ಕಲ್ಲಿದ್ದಲು ಕಡಿಯಬೇಕು. ವರ್ಷಗಳು ಕಳೆದಂತೆ ಒಂದೊಂದೇ ಜಾಗ ಹಿಂದಕ್ಕೆ ಸರಿಯಬೇಕು. ಹಿರಿಯರು ಸುರಂಗದ ಬಾಯಿಯ ಹತ್ತಿರ ಹಳಿ ಜೋಡಿಸುತ್ತ, ಕಲ್ಲಿದ್ದಲು ತುಂಬಿದ ಟಬ್ಬು ನೂಕುತ್ತ, ಆಸರೆಯ ಕಂಬ ನಿಲ್ಲಿಸುತ್ತ ಇರಬೇಕು. ಹಿರಿಯರಿಗೆ ಗಾಳಿ, ಹೊಸಬರಿಗೆ ಸೆಕೆ. ನಾವೂ ಒಂದು ಕಾಲಕ್ಕೆ ತುದಿಯಲ್ಲಿ ಬೆಂದವರೇ ಎಂದು ಎಲ್ಲರೂ ಹೇಳುತ್ತಿದ್ದರು. ತಾವು ಬೆಂದದ್ದಕ್ಕೆ ಇನ್ನೊಬ್ಬರೂ ಬೇಯಬೇಕು ಎಂಬ ಲೆಕ್ಕ ನನಗಂತೂ ಇವತ್ತಿಗೂ ತಿಳಿಯುವುದಿಲ್ಲ.

ಹೋಗಲಿ, ಹಿರಿಯರು ತಮ್ಮ ಪಾಲಿನ ಗಾಳಿಯಲ್ಲಿ ಸುಮ್ಮನಿದ್ದರೇ? ಅದೂ ಇಲ್ಲ. ಅವರು ಕೂತು ರೊಟ್ಟಿ ತಿನ್ನುವುದು ಪರದೆಯ ಬಿಸಿ ಮಗ್ಗುಲಲ್ಲಿ. ತಂಪು ಗಾಳಿ ಆಚೆ ಮಗ್ಗುಲಲ್ಲಿ ಸರಸರ ಹೋಗುವುದು ಕೇಳಿಸುತ್ತದೆ. ಒಂದು ಚಾಕು ತಗೊಂಡು ಬೆನ್ನ ಹಿಂದೆ ಒಂದು ಸೀಳು ಎಳೆದರೆ ಸಾಕು, ಎಳನೀರು ಕುಡಿದಷ್ಟು ಹಾಯ್ ಎನಿಸುತ್ತದೆ. ಘಾಳೆಪ್ಪ ಎಂಬ ಹಿರಿಯ ಕೆಲಸಗಾರ ಒಂದು ಸೀಳು ಎಳೆದ. ಅವನ ಪಕ್ಕ ಕೂರುವ ವೈಜಿನಾಥ ನೋಡಿದ, ತಾನೂ ಒಂದು ಎಳೆದ. ಆಮೇಲೆ ಕೇಳಬೇಕೇ? ಸಾಲಾಗಿ ಕೂತವರ ಬೆನ್ನಿಗೊಂದರಂತೆ ತೂತುಗಳು ಎದ್ದವು.

ಮಾಣಿಕಪ್ಪ ಬೆಳಿಗ್ಗೆ ಹೊಲಿಸುತ್ತಿದ್ದ. ಮಧ್ಯಾಹ್ನಕ್ಕೆ ಹೊಲಿಗೆ ಬಿಚ್ಚಿರುತ್ತಿತ್ತು.

“ಯಾರ ಮಾಡೀರಿ ಇದು?” ಎಂದು ಕೇಳುತ್ತಿದ್ದ.

“ಇಲಿ ಕಡದದ ಅಂತ ಕಾಣ್ತದ್ರಿ,” ಎನ್ನುತ್ತಿದ್ದ ವೈಜಿನಾಥ, ಬೆನ್ನು ತೂತಿಗೆ ಕೊಟ್ಟೇ.

“ಇಲಿ ಇಷ್ಟ್ ನೆಟ್ಟಗ ಕಡೀತಾವೇನು? ಮಗ್ಗದಾಗ ನೇಯ್ದಂಗ ಸೀಳೇದ. ಕಾಲುವಿ ಮ್ಯಾಲಿನ ಹೊಲದವ್ರು ತೂಬು ಒಡಕೊಂಡ್ರ ಕೊನಿ ಹೊಲಕ್ಕ ನೀರು ಹೋಗ್ತದೇನು? ಗಾಳಿನೂ ಹಂಗೇ ಅದ.”

“ಖರೇ ಅದ್ರಿ ಸರದಾರ್ರೆ,” ಎಂದು ಎಲ್ಲರೂ ತಲೆ ಆಡಿಸುತ್ತಿದ್ದರು. ಎಷ್ಟು ಚೆನ್ನಾಗಿ ಆಡಿಸುತ್ತಿದ್ದರೆಂದರೆ, ನೋಡಿದವರಿಗೆ ಇವರು ಈಗಲೇ ಎದ್ದು ಸೂಜಿ ದಾರ ತರುತ್ತಾರೆ ಎನ್ನಿಸಬೇಕು. ಒಬ್ಬನೂ ಏಳುತ್ತಿರಲಿಲ್ಲ. ಕಾಲುವೆಯ ಮಾತನ್ನು ಮಾಣಿಕಪ್ಪ ಅಷ್ಟು ಸಲ ಹೇಳಿದ್ದ, ಅವನು ಬಾಯಿ ತೆರೆಯುವ ಮೊದಲೇ ಜನ ತಲೆ ಆಡಿಸಲು ಕಲಿತಿದ್ದರು. ಗಾಳಿ ಗುದ್ದಿ ಮೈ ನೋಯಿಸಿಕೊಳ್ಳುವುದು ಅಂದರೆ ಇದೇ.

ಹೀಗಿರುವಾಗ ಘಾಳೆಪ್ಪನ ಮಗ ಸೂರ್ಯಕಾಂತ ಕೆಲಸಕ್ಕೆ ಸೇರಿದ. ಹೊಸಬ, ಆದ್ದರಿಂದ ತುದಿಗೆ ಹೋದ. ಅವನ ಜೊತೆಗೆ ಮಹಬೂಬ ಎಂಬ ಇನ್ನೊಬ್ಬ ಹೊಸಬ. ಸಂಜೆ ಮನೆಗೆ ಬಂದರೆ ಸೂರ್ಯಕಾಂತನಿಗೆ ಊಟ ಸೇರುತ್ತಿರಲಿಲ್ಲ. ತಲೆ ಸಿಡಿಯುತ್ತದೆ ಎನ್ನುತ್ತಿದ್ದ. ನಿಂತಲ್ಲೇ ಬೆವರು ಹರಿಯುತ್ತದೆ, ಬೆವರು ಆರುವುದೇ ಇಲ್ಲ ಎನ್ನುತ್ತಿದ್ದ. ಅವನ ತಾಯಿ ಗಂಡನ ಮುಖ ನೋಡುತ್ತಿದ್ದಳು.

ಘಾಳೆಪ್ಪನಿಗೆ ಸಿಟ್ಟು ಬಂತು. ಬರಬೇಕಾದದ್ದೇ. ಆದರೆ ಯಾರ ಮೇಲೆ ಬಂತು? ಫ್ಯಾನಿನ ಮೇಲೆ.

“ಸರದಾರ್ರೆ, ಹುಡುಗ ಬೇಯ್ಲಾಕತ್ಯಾನ. ಈ ಫ್ಯಾನ್ ಮುದಿ ಆಗ್ಯಾದ. ಹೊಸಾದು ದೊಡ್ಡದು ತರ್ಸ್ರಿ,” ಎಂದ. ತನ್ನ ತೂತಿಗೆ ಬೆನ್ನು ಕೊಟ್ಟು ಕೂತುಕೊಂಡೇ ಎಂದ. ಗಾಳಿಗೆ ಅವನ ತಲೆಯ ಮೇಲಿನ ಕೂದಲು ಹಾರಾಡುತ್ತಿತ್ತು.

ಮಾಣಿಕಪ್ಪ ಬಗ್ಗಿ ಅವನ ಬೆನ್ನ ಹಿಂದೆ ಕೈ ಹಾಕಿ ತೂತು ಮುಟ್ಟಿ ತೋರಿಸಿದ. “ಮೊದಲ ಇದನ್ನ ಹೊಲಿ ಘಾಳೆಪ್ಪಾ. ಆಮ್ಯಾಲ ಫ್ಯಾನ್ ಮಾತಾಡಮು.”

“ಇದೊಂದು ತೂತಿಂದ ಏನಾಗ್ತದ್ರಿ? ಅಕಾಡಿ ವೈಜಿನಾಥಂದು ನೋಡ್ರಿ, ಬಾಗಲ ಇದ್ದಂಗದ.”

ವೈಜಿನಾಥ ಇವನದನ್ನು ತೋರಿಸಿದ. ಅವನ ಆಚೆಯವನು ವೈಜಿನಾಥನದನ್ನು ತೋರಿಸಿದ. ತೋರುಬೆರಳುಗಳಿಗೆ ಗಣಿಯಲ್ಲಿ ಎಂದೂ ಕೊರತೆ ಇರಲಿಲ್ಲ, ಗಾಳಿಗೆ ಮಾತ್ರ ಕೊರತೆ.

ಎಲ್ಲರೂ ಸೇರಿ ಮ್ಯಾನೇಜರರ ಹತ್ತಿರ ಹೋಗಿ ಗಲಾಟೆ ಮಾಡಿದರು. ಕೊನೆಗೆ ದೊಡ್ಡ ಫ್ಯಾನು ಬಂದೇ ಬಂತು. ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಕಾಯಿ ಒಡೆದು, ಪೇಢೆ ಹಂಚಿ ಚಾಲೂ ಮಾಡಿದರು. ಗಾಳಿ ಭರ್ರೆಂದು ನುಗ್ಗಿತು. ನುಗ್ಗಿದ್ದು ಎಲ್ಲಿಂದ? ಮೊದಲು ಸಿಕ್ಕ ತೂತಿನಿಂದ. ತುದಿಗೆ ಹೋದದ್ದು ಅಷ್ಟರಲ್ಲೇ ಇತ್ತು.

ಈಗ ಹಿರಿಯರಿಗೆ ಹೊಸ ಕಷ್ಟ. ಗಾಳಿ ಜಾಸ್ತಿಯಾಯಿತು. ಬೆವರಿದ ಮೈಗೆ ಚಳಿ ಹೊಡೆಯತೊಡಗಿತು. ರೊಟ್ಟಿಯ ಮೇಲೆ ಇದ್ದಲ ದೂಳು ಬಂದು ಕೂರತೊಡಗಿತು. ವೈಜಿನಾಥನಿಗೆ ನೆಗಡಿಯಾಯಿತು. ಆಗ ಅವರು ಏನು ಮಾಡಬೇಕಿತ್ತು? ತೂತು ಹೊಲಿಯಬೇಕಿತ್ತು. ಒಂದನೇ ಕ್ಲಾಸಿನ ಮಗುವಿಗೂ ಹೊಳೆಯುವ ಮಾತು. ಅವರು ಹೊಲಿಯಲಿಲ್ಲ. ಬೇಸಿಗೆಯಲ್ಲಿ ಬೇಕಾಗುತ್ತದೆ ಎಂದು ತೂತುಗಳನ್ನು ಹಾಗೇ ಉಳಿಸಿಕೊಂಡು, ತಂಪು ಗಾಳಿ ಒಳಗೆ ಬರುವ ಬಾಯಿಗೇ ಗೋಣಿಚೀಲ ಇಳಿಬಿಟ್ಟರು.

ಮತ್ತೆ ಓದಿ ನೋಡಿ. ಗಾಳಿ ಸಾಲದು ಎಂದು ಜಗಳವಾಡಿ ಫ್ಯಾನು ತರಿಸಿದವರು, ಗಾಳಿ ಜಾಸ್ತಿಯಾಯಿತು ಎಂದು ಅದರ ಬಾಯಿ ಮುಚ್ಚಿದರು. ನಾನು ಕಟ್ಟಿ ಹೇಳುತ್ತಿದ್ದೇನೆ ಅನ್ನಿಸಿದರೆ ನಿಮ್ಮ ಬೀದಿಯಲ್ಲಿ ರಸ್ತೆಗೆ ಹಂಪು ಹಾಕಿಸಿದವರೂ ಅದನ್ನು ಆಮೇಲೆ ಒಡೆಸಿದವರೂ ಯಾರು ಎಂದು ಸ್ವಲ್ಪ ವಿಚಾರಿಸಿ.

ಮಾಣಿಕಪ್ಪ ಬೆಳಿಗ್ಗೆ ದೀಪ ಹಿಡಿದು ಬರುವಾಗ ಚೀಲಗಳು ಇರುತ್ತಿರಲಿಲ್ಲ. ಅವನು ತುದಿ ನೋಡಿ, ಗಾಳಿ ಸರಿಯಿದೆ ಎಂದು ಬೇರೆ ಕಡೆ ಹೋದ ಮೇಲೆ ಇಳಿಯುತ್ತಿದ್ದವು. ಅವನು ತಿರುಗಿ ಬರುವ ಹೊತ್ತಿಗೆ ಸುರುಳಿ ಸುತ್ತಿ ಮೇಲೆ ಹೋಗಿರುತ್ತಿದ್ದವು. ಈ ಕೆಲಸದಲ್ಲಿ ಮಾತ್ರ ಆ ಜನರ ಒಗ್ಗಟ್ಟು ನೋಡಬೇಕು.

ಒಂದು ಮಧ್ಯಾಹ್ನ ಊಟ ಮುಗಿಯುವ ಹೊತ್ತು. ಮಾಣಿಕಪ್ಪ ಅವತ್ತು ಬೇಗ ಬಂದಿದ್ದ. ಚೀಲಗಳನ್ನು ನೋಡಿ ಅವನು ಬೈಯಲು ಬಾಯಿ ತೆರೆದಿದ್ದಷ್ಟೇ, ತುದಿಯ ಕಡೆಯಿಂದ ಮಹಬೂಬ ಗೋಡೆ ಹಿಡಿದುಕೊಂಡು ಬಂದ. ಕುಡಿದವನ ಹಾಗೆ ತೂರಾಡುತ್ತಿದ್ದ.

“ಸೂರ್ಯಾ ಕುಂತಲ್ಲೇ ವಾಲ್ಯಾನ,” ಎಂದ. “ಎಳೀಲಾಕ ನೋಡ್ದೆ, ಆಗ್ಲಿಲ್ಲ. ಮಾತಾಡ್ಲಾಕತ್ತಿಲ್ಲ ಅಂವ.” ಅಷ್ಟು ಹೇಳಿ ಹಳಿಯ ಮೇಲೇ ಕುಸಿದು ಕೂತ.

ರೊಟ್ಟಿ ಬಿಟ್ಟು ಎಲ್ಲರೂ ಎದ್ದರು. ಎಲ್ಲರೂ ತುದಿಯ ಕಡೆ ಓಡಲು ಹೊರಟರು. ಮುಂದೆ ಘಾಳೆಪ್ಪ. ಓಡುವುದಕ್ಕೆ ನಮ್ಮ ಜನ ಯಾವಾಗಲೂ ಮುಂದೆ. ಮಾಣಿಕಪ್ಪ ಎರಡೂ ಕೈ ಚಾಚಿ ದಾರಿಗೆ ಅಡ್ಡ ನಿಂತ.

“ಒಬ್ರೂ ಹೋಗಬ್ಯಾಡ್ರಿ. ಅಲ್ಲಿ ಉಸಿರಾಡ್ಲಾಕ ಗಾಳಿ ಇಲ್ಲ. ಹೋದವ್ರು ಅವನ ಬಾಜೂಕೇ ಬೀಳ್ತೀರಿ. ಮನಷ್ಯಾ ಹೋಗಾದಕ್ಕಿಂತ ಮುಂಚೆ ಅಲ್ಲಿಗಿ ಗಾಳಿ ಹೋಗಬೇಕು. ಚೀಲ ಕೀಳ್ರಿ. ತೂತು ಮುಚ್ರಿ.”

“ಅಂವ ನನ್ನ ಮಗ ಅದಾನ,” ಎಂದ ಘಾಳೆಪ್ಪ. ಸರದಾರನ ಕೈ ತಳ್ಳಿದ.

“ಗೊತ್ತದ. ನಿನ್ನ ತೂತೇ ಎಲ್ಲಾಕಿಂತ ದೊಡ್ಡದು. ನೀ ಅಲ್ಲಿ ನಿಂದ್ರಲಿಲ್ಲಂದ್ರ ಅವನಿಗಿ ಗಾಳಿ ಮುಟ್ಟಂಗಿಲ್ಲ.”

ಘಾಳೆಪ್ಪ ತುದಿಯ ಕತ್ತಲೆಯ ಕಡೆ ನೋಡಿದ. ಆಮೇಲೆ ಹಿಂದೆ ತಿರುಗಿದ.

ಇಷ್ಟು ವರ್ಷ ಆ ತೂತುಗಳಿಗೆ ಒಡೆಯರೇ ಇರಲಿಲ್ಲ. ಎಲ್ಲವೂ ಇಲಿಗಳು ಕಡಿದವು, ಇಲ್ಲವೇ ಪಕ್ಕದವನವು. ಆದರೆ ಆ ಹೊತ್ತಿನಲ್ಲಿ ಒಬ್ಬನೂ ತಡಕಾಡಲಿಲ್ಲ. ಪ್ರತಿಯೊಬ್ಬನೂ ನೆಟ್ಟಗೆ ತನ್ನ ತೂತಿನ ಹತ್ತಿರವೇ ಹೋಗಿ ನಿಂತ. ಒಬ್ಬ ಅಂಗಿ ಬಿಚ್ಚಿ ತುರುಕಿದ, ಒಬ್ಬ ರೊಟ್ಟಿ ಕಟ್ಟಿದ ವಸ್ತ್ರ ತುರುಕಿದ. ಘಾಳೆಪ್ಪನ ತೂತಿಗೆ ಅಂಗಿ ಸಾಲಲಿಲ್ಲ. ಅವನು ಬೆನ್ನು ಕೊಟ್ಟು, ಕೈಗಳನ್ನು ಅಗಲಿಸಿ, ಪರದೆಯನ್ನು ಎರಡೂ ಕಡೆ ಬಿಗಿಯಾಗಿ ಹಿಡಿದುಕೊಂಡು ನಿಂತ.

ಚೀಲ ಕಿತ್ತ ಮೇಲೆ ಗಾಳಿ ಜೋರಾಯಿತು. ಆಚೆಯಿಂದ ಅವನ ಬೆನ್ನನ್ನು ತಳ್ಳತೊಡಗಿತು. ಮಾಣಿಕಪ್ಪ ವೈಜಿನಾಥನನ್ನು ಜೊತೆಗೆ ಕರೆದುಕೊಂಡು ದೀಪ ಮುಂದೆ ಹಿಡಿದು ಹೊರಟ. ಅವರು ಓಡಲಿಲ್ಲ. ಕುಡಿ ಸಣ್ಣದಾದರೆ ನಿಲ್ಲುತ್ತಿದ್ದರು, ಚೇತರಿಸಿಕೊಂಡರೆ ನಾಲ್ಕು ಹೆಜ್ಜೆ ಇಡುತ್ತಿದ್ದರು. ಹೆತ್ತ ತಂದೆಗೆ ಅವರು ಹೀಗೆ ನಿಂತು ನಿಂತು ಹೋಗುವುದನ್ನು ನೋಡುವುದು ಹೇಗಿರುತ್ತದೆ, ಯೋಚಿಸಿ. ಘಾಳೆಪ್ಪನ ಕಾಲು ಓಡು ಎನ್ನುತ್ತಿತ್ತು. ಓಡಿದರೆ ತೂತು ತೆರೆಯುತ್ತದೆ. ತಾನು ಹಾಯ್ ಎಂದು ಬೆನ್ನಿಗೆ ತಗೊಂಡದ್ದೆಲ್ಲ ಮಗನ ಉಸಿರು ಎಂದು ಅವನಿಗೆ ಅಲ್ಲಿ ನಿಂತಾಗ ತಿಳಿಯಿತು. ಯಾರೂ ಹೇಳಲಿಲ್ಲ. ಹೇಳಿ ಹೇಳಿ ಸಾಕಾಗಿದ್ದವನು ದೀಪ ಹಿಡಿದು ಮುಂದೆ ಹೋಗಿದ್ದ.

“ಏನ್ ಕಾಣಸ್ತದ?” ಎಂದು ಕೇಳಿದ. ಪಕ್ಕದ ತೂತಿನವರು ಕತ್ತು ಚಾಚಿ ನೋಡಿದರು. ಅವರಿಗೂ ಏನೂ ಕಾಣುತ್ತಿರಲಿಲ್ಲ.

ಬಹಳ ಹೊತ್ತಿನ ಮೇಲೆ ಕಾಲು ಎಳೆದುಕೊಂಡು ಬರುವ ಸದ್ದು ಕೇಳಿಸಿತು. ಇಬ್ಬರೂ ಸೂರ್ಯಕಾಂತನನ್ನು ಕಂಕುಳಿಗೆ ಕೈ ಹಾಕಿ ಎತ್ತಿಕೊಂಡು ಬಂದರು. ಅವನು ವಾಂತಿ ಮಾಡಿಕೊಂಡಿದ್ದ. ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ಗಾಳಿಗೆ ತಂದು ಮಲಗಿಸಿ ನೀರು ಚಿಮುಕಿಸಿದರು. ಕಣ್ಣು ಬಿಟ್ಟು, “ನೀರು,” ಎಂದ. ಘಾಳೆಪ್ಪ ನಿಂತಲ್ಲಿಂದಲೇ ಅದನ್ನು ಕೇಳಿದ. ಅವನ ಕೈ ಪರದೆ ಬಿಡಲಿಲ್ಲ. ಮಾಣಿಕಪ್ಪ ಹತ್ತಿರ ಬಂದು, “ಬಾ ಇನ್ನ, ಅದಾನ ಮಗಾ,” ಎಂದು ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ. ಘಾಳೆಪ್ಪ ಮಗನ ತಲೆ ತೊಡೆಯ ಮೇಲಿಟ್ಟುಕೊಂಡು ಜೋರಾಗಿ ಅತ್ತ.

ಇಲ್ಲಿಗೆ ಕಥೆ ಮುಗಿಯಬೇಕಿತ್ತು. ಬೇರೆ ಯಾರಾದರೂ ಹೇಳಿದ್ದರೆ ಮುಗಿಸುತ್ತಿದ್ದರು. ಅವತ್ತೇ ಎಲ್ಲರೂ ಆಣೆ ಮಾಡಿದರು. ಇನ್ನು ಮೇಲೆ ಪರದೆಗೆ ಕೈ ಹಚ್ಚಿದವನು ತನ್ನ ತಾಯಿಯ ಸೀರೆಗೆ ಕೈ ಹಚ್ಚಿದಂತೆ ಎಂದರು. ಸೂಜಿ ತಂದರು, ದಬ್ಬಣ ತಂದರು, ತೂತುಗಳನ್ನೆಲ್ಲ ಹೊಲಿದರು. ಮಾಣಿಕಪ್ಪ ಮನೆಗೆ ಹೋಗಿ ಬಹಳ ದಿನಗಳ ಮೇಲೆ ಹೆಂಡತಿಯ ಜೊತೆ ಸಮಾಧಾನವಾಗಿ ಮಾತಾಡಿದ. ಪಾಪ, ಸ್ಮಶಾನ ವೈರಾಗ್ಯ ಎಷ್ಟು ದಿನದ್ದು ಎಂದು ಅವನಿಗೂ ಮರೆತುಹೋಗಿತ್ತು.

ಸೂರ್ಯಕಾಂತ ದವಾಖಾನೆಯಿಂದ ಬಂದು, ಸುಧಾರಿಸಿಕೊಂಡು, ಮತ್ತೆ ಕೆಲಸಕ್ಕೆ ಇಳಿದ. ಸತ್ತು ಬದುಕಿದ ಹುಡುಗ, ತುದಿ ಬೇಡ ಎಂದು ಹಿರಿಯರೆಲ್ಲ ಸೇರಿ ಅವನಿಗೆ ಸುರಂಗದ ಬಾಯಿಯ ಹತ್ತಿರ, ಅಪ್ಪನ ಪಕ್ಕದಲ್ಲೇ ಜಾಗ ಕೊಟ್ಟರು. ತುದಿಯಲ್ಲಿ ಮಹಬೂಬ ಉಳಿದ. ಅವನ ಜೊತೆಗೆ ಮತ್ತೊಬ್ಬ ಹೊಸಬ ಬಂದ.

ಕೆಲವು ದಿನ ಕಳೆದವು. ಮಾಣಿಕಪ್ಪ ಪರದೆಯ ಮೇಲೆ ಕೈಯಾಡಿಸುತ್ತ ಬರುತ್ತಿದ್ದ. ಒಂದು ಕಡೆ ಬೆರಳಿಗೆ ತಂಪು ತಾಗಿತು. ದೀಪ ಹಿಡಿದು ನೋಡಿದ. ಹೊಸ ಸೀಳು. ಅದರ ಮುಂದೆ ಕೂತಿದ್ದವನು ಸೂರ್ಯಕಾಂತ.

ಹೌದು, ಸೂರ್ಯಕಾಂತನೇ. ತುದಿಯಲ್ಲಿ ಉಸಿರು ಸಿಗದೆ ಬಿದ್ದವನು.

“ಒಂದೇ ಬೆರಳಿನಷ್ಟದ ಕಾಕಾ,” ಎಂದ ಹುಡುಗ, ತಲೆ ತಗ್ಗಿಸಿ. “ದವಾಖಾನಿಂದ ಬಂದಮ್ಯಾಲ ನನಗ ಧಗಿ ತಡ್ಯಾಂಗಿಲ್ಲ. ಇಷ್ಟರಿಂದ ಏನಾಗ್ತದ?”

ಮಾಣಿಕಪ್ಪ ಕಾಲುವೆಯ ಮಾತನ್ನು ಇನ್ನು ಯಾರಿಗೆ ಹೇಳುವುದು? ದೀಪ ಕೆಳಗಿಟ್ಟು ಅಲ್ಲೇ ಒಂದು ದಿಮ್ಮಿಯ ಮೇಲೆ ಕುಳಿತುಬಿಟ್ಟ.

ಘಾಳೆಪ್ಪ ಪಕ್ಕದಲ್ಲೇ ಇದ್ದ. ಎಲ್ಲ ಕೇಳಿಸಿಕೊಂಡ. ಈಗ ಮಗನ ಕಪಾಳಕ್ಕೆ ಹೊಡೆಯುತ್ತಾನೆ ಎಂದು ಎಲ್ಲರೂ ಅಂದುಕೊಂಡರು. ಅವನು ಹೊಡೆಯಲಿಲ್ಲ. ರೊಟ್ಟಿಯ ಗಂಟು ಬಗಲಿಗೆ ಹಾಕಿಕೊಂಡ, ಗುದ್ದಲಿ ಹೆಗಲಿಗೇರಿಸಿದ.

“ಸರದಾರ್ರೆ,” ಎಂದ, “ಇವತ್ತಿಂದ ನನಗ ತುದಿಗಿ ಹಾಕ್ರಿ. ಮಹಬೂಬನ ಹೊಸ ಜೋಡಿದಾರನಿಗಿ ಇಲ್ಲಿ ಕರೀರಿ.”

“ಈ ವಯಸ್ಸಿನಾಗ ತುದೀನಾ? ತಲಿ ಕೆಟ್ಟದೇನು?” ಎಂದ ವೈಜಿನಾಥ.

“ತುದ್ಯಾಗ ಹೊಸಬ್ರು ಇರೂತನಕ ಈ ಪರದಿ ನಿಂದ್ರಂಗಿಲ್ಲ. ಅವ್ರು ಒದರಿದ್ರ ನಮಗ ಕೇಳಸಂಗಿಲ್ಲ. ನಾ ಒದರಿದ್ರ ಕೇಳಸ್ತದ. ಹಿರಿಯರು ತುದಿಗಿ ಹೋಗಮು. ನೀನೂ ಬಾ ವೈಜಿನಾಥ. ಇವತ್ತಲ್ಲ ಅಂದ್ರ ನಾಳಿ ಬಾ.”

ಇಷ್ಟು ಹೇಳಿ ಅವನು ತುದಿಯ ಕಡೆ ನಡೆದ. ಸಾವಕಾಶವಾಗಿ ನಡೆದ, ಮಂಡಿ ನೋವಿನ ಮನುಷ್ಯ. ತಿರುಗಿ ನೋಡಲಿಲ್ಲ.

ಸೂರ್ಯಕಾಂತ ಅಪ್ಪನ ಬೆನ್ನನ್ನೇ ನೋಡುತ್ತಿದ್ದ. ಅಪ್ಪನ ತಲೆಗೆ ಕಟ್ಟಿದ ದೀಪದ ಬೆಳಕು ಸಣ್ಣದಾಗುತ್ತ ಹೋಯಿತು. ಆ ತುದಿ ಹೇಗಿರುತ್ತದೆ ಎಂದು ಅಲ್ಲಿದ್ದವರಲ್ಲಿ ಅವನಷ್ಟು ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ತಟ್ಟನೆ ಎದ್ದ. ದಬ್ಬಣ ಎಲ್ಲಿ ಎಂದು ಕೂಗಿದ. ಯಾರೋ ಕೊಟ್ಟರು. ಅವಸರಕ್ಕೆ ಬೆರಳಿಗೆ ಚುಚ್ಚಿಕೊಂಡ, ಒರೆಸಿಕೊಳ್ಳಲೂ ನಿಲ್ಲಲಿಲ್ಲ. ಅಪ್ಪ ತುದಿ ಮುಟ್ಟುವಷ್ಟರಲ್ಲಿ ಸೀಳು ಹೊಲಿದು ಮುಗಿಸಿದ್ದ. ಆಮೇಲೂ ಅವನಿಗೆ ಸಮಾಧಾನವಿರಲಿಲ್ಲ. ಪರದೆಯ ಉದ್ದಕ್ಕೂ ಕೈಯಾಡಿಸುತ್ತ, ಎಲ್ಲಿಯಾದರೂ ಗಾಳಿ ಸೋರುತ್ತಿದೆಯೇ ಎಂದು ಹುಡುಕುತ್ತ ಹೋದ. ಮಾಣಿಕಪ್ಪ ಕೂತಲ್ಲಿಂದ ಏಳದೆ ಅದನ್ನೇ ನೋಡುತ್ತಿದ್ದ. ಇಷ್ಟು ವರ್ಷ ಬಾಯಿ ನೋಯಿಸಿಕೊಂಡರೂ ಆಗದ ಕೆಲಸ ಒಬ್ಬ ಮುದುಕ ನಡೆದುಹೋದದ್ದಕ್ಕೆ ಆಗಿತ್ತು.

ಅಂದಿನಿಂದ ಆ ಸುರಂಗದಲ್ಲಿ ಪದ್ಧತಿ ತಿರುವುಮುರುವಾಯಿತು. ಗಟ್ಟಿಯಿದ್ದ ಹಿರಿಯರು ಸರದಿಯ ಮೇಲೆ ತುದಿಗೆ ಹೋದರು. ಗೊಣಗುತ್ತಲೇ ಹೋದರು. ಅವರು ತುದಿಯಲ್ಲಿದ್ದಾಗ ಪರದೆಯನ್ನು ಇಲಿ ಕಡಿದದ್ದನ್ನು ಯಾರೂ ಕಂಡಿಲ್ಲ.

ಈಗ ಹೇಳಿ, ತುದಿಯಲ್ಲಿರುವವನು ನಮ್ಮಪ್ಪನೇ ಆಗಬೇಕೇ, ತೂತು ಮುಚ್ಚಲು? ಮಹಬೂಬನಿಗೂ ಮನೆಯಲ್ಲಿ ಒಬ್ಬ ಅಪ್ಪ ಇದ್ದ. ಸೂರ್ಯಕಾಂತ ಸೀಳು ಎಳೆದ ದಿನ ತುದಿಯಲ್ಲಿ ಬೇಯುತ್ತಿದ್ದವನು ಮಹಬೂಬ, ಅವನನ್ನು ಎಳೆದು ಉಳಿಸಲು ನೋಡಿದ ಗೆಳೆಯ. ಅವನ ನೆನಪು ಆ ಹುಡುಗನಿಗೆ ಬರಲಿಲ್ಲ. ನಮಗೂ ಬರುವುದಿಲ್ಲ.

ನೀತಿ: ಎಲ್ಲರ ಗಾಳಿಯಲ್ಲಿ ನಾವು ನಮಗೊಂದು ಇರಲಿ ಎಂದು ಮಾಡಿಕೊಂಡ ತೂತು ನಮಗೆ ಚಿಕ್ಕದಾಗಿಯೇ ಕಾಣುತ್ತದೆ. ಅದರ ಅಳತೆ ಗೊತ್ತಿರುವುದು ತುದಿಯಲ್ಲಿ ನಿಂತವನಿಗೆ. ಬರೀ ಬುದ್ಧಿಮಾತಿಗೆ ತೂತು ಮುಚ್ಚುವುದಿಲ್ಲ, ಮಾತು ನಡೆಯುವ ಹಿರಿಯರು ತುದಿಗೆ ಹೋಗಿ ನಿಂತರೆ ಮುಚ್ಚುತ್ತದೆ. ಇದನ್ನು ಓದಿ “ನಿಜ, ನಿಜ” ಎಂದು ತಲೆ ಆಡಿಸಿ ಇನ್ನೊಬ್ಬರಿಗೆ ಕಳಿಸುವ ಮೊದಲು, ದಯವಿಟ್ಟು ಒಮ್ಮೆ ನಿಮ್ಮ ಬೆನ್ನ ಹಿಂದೆ ಕೈಯಾಡಿಸಿ ನೋಡಿಕೊಳ್ಳಿ.